ಒಂದೆಲಗ ನಡೆಯುವ ಗಿಡ, ಅದಕ್ಕೆ ಜಾಗ ಬಿಡಿ

ಕಳೆದ ಸಂಚಿಕೆಯಲ್ಲಿ ದೊಡ್ಡಪತ್ರೆ ಬಗ್ಗೆ ಉತ್ತರಿಸುವಾಗ "ಒಂದೆಲಗಕ್ಕೆ ಇಷ್ಟು ಬಿಸಿಲು ಬೇಡ" ಅಂತ ಒಂದೇ ಒಂದು ಸಾಲು ಬರೆದಿದ್ದೆ. ದೊಡ್ಡಪತ್ರೆಗಿಂತ ಆ ಸಾಲಿಗೇ ಜಾಸ್ತಿ ಪತ್ರ ಬಂದಿವೆ. ಹೆಚ್ಚಿನವರದು ಒಂದೇ ಅಳಲು: ಊರಲ್ಲಿ ಕಾಲಿಟ್ಟಲ್ಲೆಲ್ಲ ಬೆಳೆಯುತ್ತಿದ್ದ ಗಿಡ ನಮ್ಮ ಕುಂಡದಲ್ಲಿ ಮಾತ್ರ ಉಳಿಯುತ್ತಿಲ್ಲ. ಹಾಗಾಗಿ ಈ ಸಲ ಅಂಕಣ ಪೂರ್ತಿ ಒಂದೆಲಗಕ್ಕೇ. ತುಳುವಿನಲ್ಲಿ ತಿಮರೆ ಅನ್ನುವುದು ಇದನ್ನೇ. ಬೆಂಗಳೂರಿನ ಸೊಪ್ಪಿನವರು ಬ್ರಾಹ್ಮಿ ಅನ್ನುತ್ತಾರೆ, ಕೆಲವರ ಬಾಯಲ್ಲಿ ಸರಸ್ವತಿ ಸೊಪ್ಪು. ಒಂದು ತೊಟ್ಟಿಗೆ ಒಂದೇ ಎಲೆ, ಅದಕ್ಕೇ ಒಂದೆಲಗ.

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಅತ್ತೆ ಮನೆ. ಅಲ್ಲಿಂದ ಮೂರು ಸಲ ಒಂದೆಲಗ ತಂದು ನೆಟ್ಟೆ, ಮೂರು ಸಲವೂ ಸತ್ತುಹೋಯಿತು. ಹತ್ತು ಇಂಚಿನ ಕುಂಡ, ತಾರಸಿ ಮೇಲೆ ಒಳ್ಳೆ ಬಿಸಿಲು, ದಿನಾ ಬೆಳಿಗ್ಗೆ ಒಂದು ಚೊಂಬು ನೀರು. ಮೊದಲ ವಾರ ಚೆನ್ನಾಗಿರುತ್ತದೆ. ಆಮೇಲೆ ಎಲೆ ಅಂಚು ಕಂದು ಬಣ್ಣಕ್ಕೆ ತಿರುಗಿ ಸುರುಟಿಕೊಳ್ಳುತ್ತದೆ. ಅಲ್ಲಿ ಯಾರೂ ಕಣ್ಣೆತ್ತಿ ನೋಡದಿದ್ದರೂ ಬೆಳೆಯುವ ಗಿಡ ಇಲ್ಲಿ ಯಾಕೆ ಹೀಗೆ? — ಬೆಂಗಳೂರು

ಉತ್ತರ: ಅತ್ತೆ ಮನೆಯಲ್ಲಿ ಅದು ಎಲ್ಲಿ ಬೆಳೆದಿತ್ತು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಬಚ್ಚಲ ಹಿಂದೆಯೋ, ಬಾವಿಕಟ್ಟೆ ಬುಡದಲ್ಲೋ, ಅಡಿಕೆ ತೋಟದ ಬಸಿಗಾಲುವೆ ಅಂಚಲ್ಲೋ, ಗದ್ದೆ ಬದುವಿನಲ್ಲೋ ಇದ್ದಿರುತ್ತದೆ. ಮಣ್ಣು ಯಾವಾಗಲೂ ಒದ್ದೆ, ಆದರೆ ನೀರು ನಿಲ್ಲುವುದಿಲ್ಲ. ಮೇಲೆ ಅಡಿಕೆ, ಬಾಳೆ ನೆರಳು. ನಡುವೆ ಒಂದಿಷ್ಟು ಬಿಸಿಲು ಇಣುಕುತ್ತದೆ. ನಿಮ್ಮ ತಾರಸಿ ಇದಕ್ಕೆ ಪೂರ್ತಿ ಉಲ್ಟಾ ಅಲ್ವಾ?

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ಒಂದೆಲಗ ನಿಂತಲ್ಲೇ ಬೆಳೆಯುವ ಗಿಡ ಅಲ್ಲ, ನಡೆಯುವ ಗಿಡ. ಮುಂದಿನ ಸಲ ಊರಿಗೆ ಹೋದಾಗ ಅದರ ಪಕ್ಕ ಕೂತು ಒಂದು ಹಂಬನ್ನು ಬೆರಳಲ್ಲಿ ಮೆಲ್ಲಗೆ ಎತ್ತಿ ನೋಡಿ. ದಪ್ಪ ದಾರದಂತಿರುತ್ತದೆ, ಹಸಿರಿಗೆ ಸ್ವಲ್ಪ ಕೆಂಪು ಬೆರೆತ ಬಣ್ಣ. ಎರಡು ಮೂರು ಇಂಚಿಗೆ ಒಂದು ಗಿಣ್ಣು. ಗಿಣ್ಣಿನ ಕೆಳಗೆ ಹೆಸರುಕಾಳಿನ ಮೊಳಕೆ ಹಾಗೆ ಬಿಳೀ ಬೇರಿನ ತುದಿ, ಮೇಲೆ ಮಡಚಿಟ್ಟ ಬೀಸಣಿಗೆಯಂಥ ಎಳೆ ಎಲೆ. ಆ ಬೇರಿನ ತುದಿಗೆ ಒದ್ದೆ ಮಣ್ಣು ಸಿಕ್ಕಿತೋ, ಅಲ್ಲೊಂದು ಹೊಸ ಗಿಡ ಕೂತಿತು. ಸಿಗಲಿಲ್ಲವೋ, ತುದಿ ಕಪ್ಪಾಗಿ ಒಣಗಿತು. ತಾಯಿ ಗಿಡಕ್ಕೆ ವಯಸ್ಸಾಗುವಷ್ಟರಲ್ಲಿ ಮಕ್ಕಳು ಒಂದು ಮಾರು ಆಚೆ ಹೋಗಿ ನೆಲೆ ನಿಂತಿರುತ್ತವೆ. ಈ ಗಿಡ ವರ್ಷಗಟ್ಟಲೆ ಬದುಕುವುದು ಹೀಗೆಯೇ.

ಹತ್ತು ಇಂಚಿನ ಕುಂಡದಲ್ಲಿ ಒಂದು ತಿಂಗಳಿಗೆಲ್ಲ ಹಂಬು ಅಂಚು ದಾಟಿ ಗಾಳಿಯಲ್ಲಿ ತೂಗುತ್ತದೆ. ನೋಡಲು ಚೆಂದ, ಆದರೆ ಅಲ್ಲಿರುವ ಒಂದು ಗಿಣ್ಣಿಗೂ ಮಣ್ಣಿಲ್ಲ. ಅವಕ್ಕೆಲ್ಲ ತಾಯಿ ಗಿಡವೇ ನೀರು ಉಣಿಸಬೇಕು. ಮೇಲಿಂದ ತಾರಸಿ ಬಿಸಿ. ನೀವು ಹಾಕಿದ ಚೊಂಬು ನೀರು ಸರ್ರನೆ ಕೆಳಗಿಳಿದು ತೂತಿನಿಂದ ಹೊರಗೆ ಹೋಗುತ್ತದೆ. ಒಂದೆಲಗದ ಹೊಸ ಬೇರುಗಳಿರುವ ಮೇಲಿನ ಎರಡು ಇಂಚು ಮಾತ್ರ ಮಧ್ಯಾಹ್ನದ ಹೊತ್ತಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ.

ಹಾಗಾಗಿ ಆಳದ ಕುಂಡ ಬಿಟ್ಟು ಅಗಲದ್ದು ಹುಡುಕಿ. ಸಿಮೆಂಟ್ ಕಲಸುವ ಪ್ಲಾಸ್ಟಿಕ್ ಬಾಂಡ್ಲಿ, ಮಗುವಿಗೆ ಸ್ನಾನ ಮಾಡಿಸುತ್ತಿದ್ದ ಹಳೆ ಟಬ್, ಹಣ್ಣಿನ ಅಂಗಡಿಯ ಥರ್ಮೋಕೋಲ್ ಡಬ್ಬ, ಯಾವುದಾದರೂ ಆದೀತು. ಒಂದೂವರೆ ಅಡಿ ಅಗಲ, 6ರಿಂದ 8 ಇಂಚು ಆಳ ಇದ್ದರೆ ಧಾರಾಳ. ತೂತನ್ನು ತಳಕ್ಕೆ ಮಾಡಬೇಡಿ, ತಳದಿಂದ ಒಂದು ಇಂಚು ಮೇಲೆ ಪಕ್ಕದಲ್ಲಿ ನಾಲ್ಕೈದು ಮಾಡಿ. ತಳದಲ್ಲಿ ಒಂದಿಂಚು ನೀರು ಉಳಿಯುತ್ತದೆ, ಜಾಸ್ತಿಯಾದದ್ದು ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಇದೊಂದೇ ಉಪಾಯ ಎಷ್ಟೋ ಗಿಡ ಉಳಿಸಿದೆ. ಮಣ್ಣಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್, ಅಂದರೆ ತೆಂಗಿನ ಸಿಪ್ಪೆಯ ಪುಡಿ. ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ ಹಾಕಿ. ಬೆಳಿಗ್ಗೆ ಹತ್ತರವರೆಗೆ ಬಿಸಿಲು ಬಿದ್ದು ಆಮೇಲೆ ನೆರಳಾಗುವ ಕಡೆ ಇಡಿ. ತಾರಸಿ ಬಿಟ್ಟರೆ ಬೇರೆ ಜಾಗವೇ ಇಲ್ಲ ಅಂದರೆ ದೊಡ್ಡ ಕುಂಡಗಳ ನಡುವೆ, ಕರಿಬೇವೋ ದಾಸವಾಳವೋ ಇರುವ ಕಡೆ ಅದರ ನೆರಳಿಗೆ ಸೇರಿಸಿ, ಟಬ್ ಕೆಳಗೆ ಎರಡು ಇಟ್ಟಿಗೆ ಕೊಡಿ.

ನೆಡುವ ಕ್ರಮವೂ ಬೇರೆ. ಇಡೀ ಗುಪ್ಪೆ ಕಿತ್ತು ತಂದು ಕೊತ್ತಂಬರಿ ಕಟ್ಟಿನ ಹಾಗೆ ನೆಟ್ಟಗೆ ನಿಲ್ಲಿಸಬೇಡಿ. ಮೂರು ನಾಲ್ಕು ಗಿಣ್ಣಿರುವ ಹಂಬು ಕತ್ತರಿಸಿ ಮಣ್ಣಿನ ಮೇಲೆ ಮಲಗಿಸಿ. ಒಂದೊಂದು ಗಿಣ್ಣನ್ನೂ ಹೆಬ್ಬೆರಳಲ್ಲಿ ಮಣ್ಣಿಗೆ ಒತ್ತಿ, ತೆಂಗಿನ ಕಡ್ಡಿ ಮಡಚಿ ಪಿನ್ ಹಾಗೆ ಚುಚ್ಚಿ. ಅಗಲದ ಹಳೆ ಎಲೆಗಳನ್ನೆಲ್ಲ ಚಿವುಟಿಬಿಡಿ, ಎಳೆಯದು ಎರಡು ಉಳಿದರೆ ಸಾಕು. ಎಲೆ ಕೀಳಲು ಮನಸ್ಸು ಬರುವುದಿಲ್ಲ ಗೊತ್ತು, ಆದರೆ ಬೇರಿಲ್ಲದ ಹಂಬು ಅಷ್ಟೂ ಎಲೆಗೆ ನೀರು ಎಲ್ಲಿಂದ ತರಬೇಕು ಹೇಳಿ. ಹತ್ತು ಹದಿನೈದು ದಿನ ಪೂರ್ತಿ ನೆರಳಲ್ಲೇ ಇರಲಿ. ಗಿಣ್ಣಿನಿಂದ ಹೊಸ ಎಲೆ ತಲೆ ಎತ್ತಿದ ಮೇಲೆ ಬಿಸಿಲಿಗೆ ಸರಿಸಿ. ಸಾಗರದಿಂದ ತರುವಾಗ ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಬೇಡಿ, ಬಸ್ಸಿನ ಕಾವಿಗೆ ಬೆಂದುಹೋಗುತ್ತದೆ. ಒದ್ದೆ ಬಟ್ಟೆ ಸುತ್ತಿ, ಮೇಲೆ ಬಾಳೆ ಎಲೆ ಸುತ್ತಿ ತನ್ನಿ.

ನೀರು ಎಷ್ಟು ಅಂತ ಚೊಂಬಿನ ಲೆಕ್ಕ ಬೇಡ. ಬೆರಳು ಮಣ್ಣಿಗಿಟ್ಟರೆ ತಂಪು ತಾಗಬೇಕು, ಅಷ್ಟೇ. ಏಪ್ರಿಲ್‌ನಲ್ಲಿ ಎರಡು ಹೊತ್ತು ಬೇಕಾಗಬಹುದು, ಆಗಸ್ಟ್‌ನಲ್ಲಿ ಮೂರು ದಿನಕ್ಕೊಮ್ಮೆಯೂ ಬೇಡವಾಗಬಹುದು.

ಪ್ರಶ್ನೆ: ನರ್ಸರಿಯಲ್ಲಿ ಬ್ರಾಹ್ಮಿ ಅಂತ ಕೊಟ್ಟರು. ಎಲೆ ದುಂಡಗೆ ನಾಣ್ಯದ ಹಾಗಿದೆ, ಬಲು ಬೇಗ ಹಬ್ಬಿದೆ. ನಮ್ಮ ಚಿಕ್ಕಮ್ಮ ಬಂದು ಇದು ಬ್ರಾಹ್ಮಿನೇ ಅಲ್ಲ ಅಂದರು. ಅವರು ಕೊಟ್ಟ ಗಿಡದಲ್ಲಿ ಪುಟ್ಟ ಪುಟ್ಟ ದಪ್ಪ ಎಲೆ. ಇವೆರಡರಲ್ಲಿ ಒಂದೆಲಗ ಯಾವುದು? ತಂಬುಳಿ ಮಾಡುವ ಆಸೆ. — ಹುಬ್ಬಳ್ಳಿ

ಉತ್ತರ: ನೀವು ಬರೆದದ್ದು ನೋಡಿದರೆ ಎರಡೂ ಒಂದೆಲಗ ಅಲ್ಲ. ಸದ್ಯಕ್ಕೆ ತಂಬುಳಿ ಮಾಡಬೇಡಿ.

ಒಂದು ಎಲೆ ಕಿತ್ತು ತಿರುಗಿಸಿ ನೋಡಿ. ತೊಟ್ಟು ಎಲೆಯ ನಟ್ಟನಡುವೆ, ಕೊಡೆಗೆ ಕಡ್ಡಿ ಸೇರಿದ ಹಾಗೆ ಸೇರಿದೆಯಾ? ಹಾಗಿದ್ದರೆ ಅದು ಅಲಂಕಾರಕ್ಕೆ ಬೆಳೆಸುವ ನಾಣ್ಯದೆಲೆಯ ಗಿಡ, ಅಮೆರಿಕ ಖಂಡದಿಂದ ಬಂದದ್ದು. ಒಂದೆಲಗದಲ್ಲಿ ಎಲೆಯ ಬುಡ ಒಳಕ್ಕೆ ಸೀಳಿರುತ್ತದೆ, ಆ ಸೀಳಿಗೇ ತೊಟ್ಟು ಕೂಡಿರುತ್ತದೆ. ಎಲೆಯ ಆಕಾರ ಮೂತ್ರಪಿಂಡದ್ದು, ಅಂಚಿನಲ್ಲಿ ಸಣ್ಣ ಸಣ್ಣ ಬಳುಕು. ಹಿಸುಕಿ ಮೂಸಿದರೆ ತೆಳ್ಳಗೆ ಹಸಿ ವಾಸನೆ, ಸ್ವಲ್ಪ ಕ್ಯಾರೆಟ್ ಸೊಪ್ಪಿನ ನೆನಪು ಬರುತ್ತದೆ. ಬರಲೇಬೇಕು, ಯಾಕೆಂದರೆ ಕ್ಯಾರೆಟ್, ಕೊತ್ತಂಬರಿ, ಜೀರಿಗೆ ಇರುವ ಕುಟುಂಬದ್ದೇ ಇದು. ಈ ಎರಡು ಗಿಡಗಳನ್ನು ಬೆರೆಸಿಕೊಂಡದ್ದು ನಿಮ್ಮ ನರ್ಸರಿಯವರು ಮಾತ್ರ ಅಲ್ಲ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಒಂದೆಲಗಕ್ಕೆ ಹೆಸರಿಟ್ಟಾಗ ಹೈಡ್ರೋಕಾಟೈಲ್ ಅಂತ ನಾಣ್ಯದೆಲೆ ಗಿಡಗಳ ಗುಂಪಿಗೇ ಸೇರಿಸಿದ್ದರು. ಅದನ್ನು ಬೇರೆ ಮಾಡಿ ಸೆಂಟೆಲ್ಲಾ ಏಷ್ಯಾಟಿಕಾ ಅಂದದ್ದು 1879ರಲ್ಲಿ.

ಚಿಕ್ಕಮ್ಮ ಕೊಟ್ಟದ್ದು ನೀರುಬ್ರಾಹ್ಮಿ ಇರಬೇಕು. ಎಲೆ ಎದುರುಬದುರು ಜೋಡಿಯಾಗಿ ಬರುತ್ತದೆ, ತೊಟ್ಟು ಇಲ್ಲವೇ ಇಲ್ಲ ಅನ್ನುವಷ್ಟು, ಕಾಂಡ ರಸ ತುಂಬಿದ್ದು, ಹೂ ಬಿಳಿ ಅಥವಾ ತಿಳಿ ನೇರಳೆ. ಅದು ಒಳ್ಳೆಯ ಔಷಧಿ ಗಿಡವೇ. ಆಯುರ್ವೇದದವರು ಈಗ ಬ್ರಾಹ್ಮಿ ಅನ್ನುವುದು ಹೆಚ್ಚಾಗಿ ಇದನ್ನು, ಒಂದೆಲಗವನ್ನು ಮಂಡೂಕಪರ್ಣಿ ಅನ್ನುತ್ತಾರೆ. ಆದರೆ ನೀರುಬ್ರಾಹ್ಮಿ ವಿಪರೀತ ಕಹಿ, ಅಡುಗೆಗೆ ಬರುವುದಿಲ್ಲ. ಕೆಸರಲ್ಲೂ ಬೆಳೆಯುತ್ತದೆ, ಆರೈಕೆಯೂ ಬೇರೆ. ಚಿಕ್ಕಮ್ಮನ ಗಿಡ ಇಟ್ಟುಕೊಳ್ಳಿ, ಒಂದೆಲಗವನ್ನು ಮಾತ್ರ ತಿಂದು ರೂಢಿ ಇರುವವರ ಮನೆಯಿಂದಲೇ ತನ್ನಿ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ಒಂದು ಹಂಬು ಸಾಕು. ನನ್ನ ಟಬ್‌ನಲ್ಲಿ ಇವತ್ತಿರುವುದೆಲ್ಲ ನಮ್ಮಮ್ಮ ಊಟದ ಡಬ್ಬಿಯಲ್ಲಿ ಹಾಕಿ ಕಳಿಸಿದ ಎರಡೇ ಎರಡು ಹಂಬಿನ ಸಂತಾನ.

ಪ್ರಶ್ನೆ: ಗಿಡದ ಬುಡದಲ್ಲಿ ಸಾಸಿವೆಯಷ್ಟು ಚಿಕ್ಕ ಹೂ ಬಂದಿದೆ. ಚಿವುಟಬೇಕಾ? ಬೀಜದಿಂದ ಸಸಿ ಮಾಡಬಹುದಾ? — ಹಾಸನ

ಉತ್ತರ: ಚಿವುಟುವುದು ಬೇಡ, ಅದರಿಂದ ಎಲೆಗೇನೂ ಕಮ್ಮಿಯಾಗುವುದಿಲ್ಲ. ಎಲೆಗಳ ಕೆಳಗೆ ಬಗ್ಗಿ ನೋಡಿ ಆ ತಿಳಿಗೆಂಪು ಹೂ ಕಂಡಿರಲ್ಲ, ಹೆಚ್ಚಿನವರು ವರ್ಷಗಟ್ಟಲೆ ಬೆಳೆಸಿಯೂ ಅದನ್ನು ನೋಡಿರುವುದಿಲ್ಲ. ಬೀಜದಿಂದ ಸಸಿ ಬರುತ್ತದೆ, ಆದರೆ ಬಹಳ ನಿಧಾನ. ಹಂಬು ಕೈಯಲ್ಲಿರುವಾಗ ಆ ಕಷ್ಟ ಯಾಕೆ?

ಪ್ರಶ್ನೆ: ಬೇಸಿಗೆಯಲ್ಲಿ ಹುಲುಸಾಗಿದ್ದ ತಿಮರೆ ಜುಲೈ ಬಂತೆಂದರೆ ಕೊಳೆಯುತ್ತದೆ. ಎಲೆ ಮೇಲೆ ಕಂದು ಚುಕ್ಕೆ. ಉಳಿದದ್ದನ್ನು ಬಸವನಹುಳು ತಿಂದು ಮುಗಿಸುತ್ತದೆ. ಉಪ್ಪು ಎರಚಿದರೆ ಗಿಡವೂ ಹೋಯಿತು. — ಉಡುಪಿ

ಉತ್ತರ: ಉಪ್ಪು ಮಣ್ಣಿಗೆ ಹಾಕಲೇಬಾರದು. ಬಸವನಹುಳು ನಾಳೆ ಮತ್ತೆ ಬರುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಆ ಟಬ್‌ನ ಮಣ್ಣನ್ನು ಈ ವರ್ಷ ಯಾವುದಕ್ಕೂ ಬಳಸಬೇಡಿ, ಅಂಗಳದ ಮೂಲೆಯಲ್ಲಿ ಸುರಿದು ಮಳೆಯಲ್ಲಿ ತೊಳೆದುಹೋಗಲು ಬಿಡಿ.

ನಿಮ್ಮ ಕಡೆ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತಿಮರೆಗೆ ತೇವ ಬೇಕು ನಿಜ, ಆದರೆ ಸೂರಿನ ನೀರು ನೇರ ಟಬ್‌ಗೆ ಧುಮುಕಿದರೆ ಮಣ್ಣು ಎರಚಿ ಎಲೆಗೆ ಅಂಟುತ್ತದೆ, ಚುಕ್ಕೆ ರೋಗ ಶುರುವಾಗುವುದು ಅಲ್ಲಿಂದಲೇ. ಮೇ ಕೊನೆಗೆ ಮೂರು ಕೆಲಸ ಮುಗಿಸಿ. ಟಬ್ ಅನ್ನು ಸೂರಿನ ಸಾಲಿನಿಂದ ಆಚೆ ತಂದು ಎರಡು ಇಟ್ಟಿಗೆ ಮೇಲೆ ಕೂರಿಸಿ. ಬೇಸಿಗೆಗೆ ಅಂತ ಪಕ್ಕದಲ್ಲಿ ತೂತು ಮಾಡಿದ್ದರೆ ಮಳೆಗಾಲಕ್ಕೆ ತಳಕ್ಕೂ ಮಾಡಿ. ದಟ್ಟವಾಗಿದ್ದ ಕಡೆ ಮೂರರಲ್ಲಿ ಒಂದು ಪಾಲು ಹಂಬು ಕಿತ್ತು ಅಡುಗೆಗೆ ಬಳಸಿ, ಎಲೆಗಳ ನಡುವೆ ಗಾಳಿಯಾಡಲಿ. ಚುಕ್ಕೆ ಬಂದ ಎಲೆಯನ್ನು ತೊಟ್ಟು ಸಮೇತ ತೆಗೆದು ದೂರ ಹಾಕಿ. ನಾನು ಇದಕ್ಕೆ ಯಾವ ಶಿಲೀಂಧ್ರನಾಶಕವನ್ನೂ ಹೇಳುವುದಿಲ್ಲ. ಹಸಿಯಾಗಿ ರುಬ್ಬಿ ತಿನ್ನುವ ಎಲೆ ಇದು.

ಬಸವನಹುಳುವಿಗೆ ಟಾರ್ಚೇ ಮದ್ದು. ರಾತ್ರಿ ಊಟ ಆದ ಮೇಲೆ ಟಾರ್ಚ್ ಹಿಡಿದು ಒಂದು ಸುತ್ತು ಬನ್ನಿ, ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಆರಿಸಿ ಸೋಪು ನೀರಿನ ಬಕೆಟ್‌ಗೆ ಹಾಕಿ. ಸಂಜೆ ಒಂದು ಪಪ್ಪಾಯಿ ಸಿಪ್ಪೆ ಅಥವಾ ಎಲೆಕೋಸಿನ ಹೊರ ಎಲೆ ಟಬ್ ಪಕ್ಕ ಇಟ್ಟರೆ ಎಲ್ಲ ಅಲ್ಲೇ ಸೇರಿರುತ್ತವೆ, ಹುಡುಕುವ ಕೆಲಸ ತಪ್ಪುತ್ತದೆ. ಒಂದು ವಾರ ಬಿಡದೆ ಮಾಡಿದರೆ ಸಂಖ್ಯೆ ಇಳಿದದ್ದು ನಿಮಗೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಎಲೆಯನ್ನು ಒಂದೊಂದಾಗಿ ಹರಿಯುವ ನೀರಲ್ಲಿ ಎರಡೂ ಬದಿ ಉಜ್ಜಿ ತೊಳೆಯಿರಿ. ಬಸವನಹುಳು ಹರಿದಾಡಿದ ಸೊಪ್ಪನ್ನು ಸರಿಯಾಗಿ ತೊಳೆಯದೆ ಹಸಿ ತಿಂದರೆ ಅದರಲ್ಲಿರುವ ಪರೋಪಜೀವಿ ಮನುಷ್ಯರಿಗೂ ಬರಬಹುದು. ಆ ಎರಡು ಮೂರು ತಿಂಗಳು ಕುದಿಸಿ ಸಾರು ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಮ್ಮ ಬಡಾವಣೆಯ ಚರಂಡಿ ಪಕ್ಕ ಒಂದೆಲಗ ಚಾಪೆ ಹಾಸಿದ ಹಾಗೆ ಬೆಳೆದಿದೆ. ಕೆಲವರು ದಿನಾ ಕಿತ್ತುಕೊಂಡು ಹೋಗುತ್ತಾರೆ. ತಿನ್ನಬಹುದಾ? ಇನ್ನೊಂದು, ಪಾತ್ರೆ ತೊಳೆದ ನೀರು, ಕುಡಿಯುವ ನೀರಿನ ಫಿಲ್ಟರ್‌ನಿಂದ ಹೊರಬರುವ ವ್ಯರ್ಥ ನೀರು ಇದಕ್ಕೆ ಹಾಕಬಹುದಾ? — ಮೈಸೂರು

ಉತ್ತರ: ತಿನ್ನಬೇಡಿ. ಕಿತ್ತುಕೊಂಡು ಹೋಗುವವರಿಗೂ ದಯವಿಟ್ಟು ಹೇಳಿ. ಈ ಗಿಡ ಮಣ್ಣು, ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ ಥರದ ಲೋಹಗಳನ್ನು ಹೀರಿ ತನ್ನಲ್ಲಿ ಸೇರಿಸಿಟ್ಟುಕೊಳ್ಳುತ್ತದೆ. ಎಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಹಸಿರಾಗಿ ಮಿರಮಿರ ಮಿಂಚುತ್ತಿರುತ್ತದೆ. ತೊಳೆದರೆ ಮೇಲಿನ ಕೊಳೆ ಹೋದೀತು, ಒಳಗೆ ಸೇರಿದ್ದು ಹೋಗುವುದಿಲ್ಲ. ಕುದಿಸಿದರೂ ಅಷ್ಟೇ. ಈ ವಿಷಯದಲ್ಲಿ ನನಗೆ ನಿಜಕ್ಕೂ ಆತಂಕ ಇದೆ, ಯಾಕೆಂದರೆ ಇದನ್ನು ಎಲ್ಲರೂ ಹುಡುಕಿಕೊಂಡು ಹೋಗಿ ತಿನ್ನಿಸುವುದು ಚಿಕ್ಕ ಮಕ್ಕಳಿಗೆ.

ಬೇರೆಲ್ಲೂ ಸಿಗದೆ ಅಲ್ಲಿಂದಲೇ ನೆಡಲು ಅಂತ ತರಬೇಕಾದರೆ ಒಂದು ದಾರಿ ಇದೆ. ಹಂಬಿನ ತುದಿಯ ಎರಡು ಗಿಣ್ಣು ಮಾತ್ರ ತನ್ನಿ. ಹಳೆ ಎಲೆ, ಬೇರು ಎಲ್ಲ ಕತ್ತರಿಸಿ ಒಳ್ಳೆ ಮಣ್ಣಲ್ಲಿ ನೆಡಿ. ಅದು ಹಬ್ಬಿ ಹೊಸ ಮರಿ ಬಿಟ್ಟ ಮೇಲೆ ಆ ಮರಿಯನ್ನು ಬೇರೆ ಟಬ್‌ಗೆ ನೆಟ್ಟು, ತಂದ ತಾಯಿಯನ್ನು ತೆಗೆದುಬಿಡಿ. ಮರಿಯಿಂದ ಬಂದ ಎಲೆ ತಿನ್ನಿ.

ನೀರಿನ ಬಗ್ಗೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ. ಪಾತ್ರೆ, ಬಟ್ಟೆ ತೊಳೆದ ನೀರು ಬೇಡ. ಹಿಂದೆ ಬಚ್ಚಲ ನೀರಲ್ಲಿ ಬೆಳೆಯುತ್ತಿರಲಿಲ್ವಾ ಅಂತ ಕೇಳುತ್ತೀರಿ. ಆಗ ಪಾತ್ರೆ ತಿಕ್ಕುತ್ತಿದ್ದುದು ಬೂದಿಯಲ್ಲಿ, ಮೈಗೆ ಸೀಗೆಪುಡಿ, ಕಡಲೆಹಿಟ್ಟು. ಈಗಿನ ಬಚ್ಚಲ ನೀರೇ ಬೇರೆ. ಫಿಲ್ಟರ್‌ನಿಂದ ಹೊರಬರುವ ನೀರಲ್ಲಿ ಲವಣ ಇನ್ನೂ ಜಾಸ್ತಿ ಸೇರಿರುತ್ತದೆ, ಬೋರ್‌ವೆಲ್ ನೀರಿನ ಊರಲ್ಲಂತೂ ಕೇಳುವುದೇ ಬೇಡ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಬೋರ್ ನೀರೇ ಗತಿ ಅನ್ನುವವರು ಮಳೆ ಬಂದಾಗ ಟಬ್ ಅನ್ನು ಒಂದು ದಿನ ಹೊರಗಿಟ್ಟು ಮಣ್ಣು ತೊಳೆಯಲು ಬಿಡಿ. ಅಂಚು ಸುಟ್ಟಂತಾದ ಎಲೆ ಹೋಗಿ ವಾರದಲ್ಲಿ ಚೆಂದದ ಎಲೆ ಬರುವುದನ್ನು ನಾನು ನಮ್ಮ ಮನೆಯಲ್ಲೇ ಪ್ರತಿ ವರ್ಷ ನೋಡುತ್ತೇನೆ.

ಪ್ರಶ್ನೆ: ನಮ್ಮಲ್ಲಿ ಮೇ ತಿಂಗಳು 42 ಡಿಗ್ರಿ ದಾಟುತ್ತದೆ. ಇಲ್ಲಿ ಒಂದೆಲಗದ ಆಸೆ ಬಿಡಬೇಕಾ, ಅಕ್ಕಾ? — ಕಲಬುರಗಿ

ಉತ್ತರ: ಬಿಡಬೇಡಿ. ಕಲಬುರಗಿಯಲ್ಲಿ ಇದು ಅಂಗಳದ ಗಿಡ ಆಗುವುದು ಕಷ್ಟ, ಮನೆಯ ಉತ್ತರ ದಿಕ್ಕಿನ ಗೋಡೆ ಪಕ್ಕದ ಗಿಡ ಆಗಬಹುದು. ಕುಡಿಯುವ ನೀರಿನ ಮಡಕೆ ಇಡುವ ಜಾಗ ಇರುತ್ತದಲ್ಲ, ಸೋರಿದ ತೇವ, ನೆರಳು, ಸುತ್ತ ತಂಪು, ಅಂಥ ಕಡೆ ಟಬ್ ಇಡಿ. ಫೆಬ್ರವರಿ ಕೊನೆಗೆ ಅರ್ಧ ಬೆಳಕು ತಡೆಯುವ ಹಸಿರು ಪರದೆ ಕಟ್ಟಿ. ಹಂಬುಗಳ ನಡುವೆ ತೆಂಗಿನ ನಾರು ಅಥವಾ ಒಣ ಎಲೆ ತೆಳ್ಳಗೆ ಹರಡಿ, ಗಿಣ್ಣು ಮುಚ್ಚುವಷ್ಟು ದಪ್ಪ ಬೇಡ. ಒಣ ಹವೆಯಲ್ಲಿ ಎಲೆ ಕೆಳಗೆ ಕಣ್ಣಿಗೆ ಕಂಡೂ ಕಾಣದ ಕೆಂಪು ನುಸಿ ಬರುತ್ತದೆ, ಎಲೆ ಮೇಲೆ ಬಿಳಿ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ದಿನಾ ಬೆಳಿಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸಿದರೆ ಹೆಚ್ಚಿನದು ಹೋಗುತ್ತದೆ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಸಿಂಪಡಿಸಿ, ಆಮೇಲೆ ಎರಡು ವಾರ ಎಲೆ ಕೀಳಬೇಡಿ. ಮೇ ತಿಂಗಳಲ್ಲಿ ಎಲೆ ಎಲ್ಲ ಒಣಗಿದರೂ ಟಬ್ ಎಸೆಯಬೇಡಿ. ಮಣ್ಣು ಒದ್ದೆ ಇಟ್ಟಿದ್ದರೆ ಮುಂಗಾರಿನ ಎರಡು ಮಳೆಗೆ ಬುಡದಿಂದ ಮತ್ತೆ ಚಿಗುರುವುದುಂಟು.

ಪ್ರಶ್ನೆ: ಮಗನಿಗೆ ಹತ್ತನೇ ಕ್ಲಾಸ್ ಪರೀಕ್ಷೆ. ನೆನಪಿನ ಶಕ್ತಿಗೆ ದಿನಾ ಎಷ್ಟು ಎಲೆ ಕೊಡಬೇಕು? ಕಿತ್ತಷ್ಟೂ ಗಿಡ ಬಡವಾಗುತ್ತಿದೆ, ಕೀಳುವ ಕ್ರಮವನ್ನೂ ಹೇಳಿ. — ದಾವಣಗೆರೆ

ಉತ್ತರ: ಮೊದಲು ಮಗನ ವಿಷಯ. ಒಂದೆಲಗ ತಿಂದರೆ ಬುದ್ಧಿ ಚುರುಕಾಗುತ್ತದೆ ಅಂತ ನಾವೂ ಕೇಳಿಕೊಂಡೇ ಬೆಳೆದವರು. ಆದರೆ ಇದುವರೆಗೆ ಮನುಷ್ಯರ ಮೇಲೆ ನಡೆದ ಅಧ್ಯಯನಗಳಲ್ಲಿ ನೆನಪಿನ ಶಕ್ತಿ ಹೆಚ್ಚುತ್ತದೆ ಅನ್ನುವುದು ಗಟ್ಟಿಯಾಗಿ ಸಾಬೀತಾಗಿಲ್ಲ. ಪರೀಕ್ಷೆಗೆ ಅದನ್ನು ನಂಬಿ ಕೂರಬೇಡಿ, ಮಗ ಸರಿಯಾಗಿ ನಿದ್ದೆ ಮಾಡಲಿ. ಎಲೆಯನ್ನು ಮದ್ದಿನ ಲೆಕ್ಕದಲ್ಲಿ ಕೊಡದೆ ಊಟದ ಲೆಕ್ಕದಲ್ಲಿ ಕೊಡಿ. ವಾರಕ್ಕೆ ಎರಡು ಸಲ ತಂಬುಳಿ, ಒಂದು ಸಲ ಚಟ್ನಿ ಅಂದರೆ ಸಾಕು. ಅಂಗಡಿಯ ಮಾತ್ರೆ, ಪುಡಿಗಳ ವಿಷಯದಲ್ಲಿ ಹುಷಾರು. ಒಂದೆಲಗದ ಮಾತ್ರೆಗಳನ್ನು ವಾರಗಟ್ಟಲೆ ನುಂಗಿದ ಕೆಲವರಿಗೆ ಯಕೃತ್ತಿನ ತೊಂದರೆ ಆದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಬಸುರಿಯರು, ಯಕೃತ್ತಿನ ಕಾಯಿಲೆ ಇರುವವರು, ದಿನಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಬಾರದು.

ನಮ್ಮ ಮನೆ ತಂಬುಳಿ ಹೀಗೆ. ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ತುಪ್ಪದಲ್ಲಿ ಹುರಿಯಿರಿ. ಒಂದು ಹಿಡಿ ತೊಳೆದ ಒಂದೆಲಗ, ಅರ್ಧ ಬಟ್ಟಲು ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ, ಎರಡು ಲೋಟ ಸಿಹಿ ಮಜ್ಜಿಗೆಗೆ ಕಲಸಿ ಉಪ್ಪು ಹಾಕಿ, ಸಾಸಿವೆ ಒಗ್ಗರಣೆ ಕೊಡಿ. ಎಲೆಯನ್ನು ಹುರಿಯುವುದಿಲ್ಲ, ತಂಬುಳಿಯನ್ನು ಕುದಿಸುವುದೂ ಇಲ್ಲ. ಬಿಸಿ ಅನ್ನಕ್ಕೆ ಮೊದಲ ತುತ್ತಿಗೇ ಕಲಸಿಕೊಳ್ಳಬೇಕು. ಕಹಿ ಅಂತ ಮಗ ಮುಖ ಸಿಂಡರಿಸಿದರೆ ಎಳೆ ಎಲೆ ಮಾತ್ರ ಹಾಕಿ, ಕೊಬ್ಬರಿ ಸ್ವಲ್ಪ ಜಾಸ್ತಿ ಮಾಡಿ.

ಈಗ ಕೀಳುವುದು. ನೀವು ಬಹುಶಃ ಕೈಯಲ್ಲಿ ಹಿಡಿದು ಎಳೆಯುತ್ತಿದ್ದೀರಿ. ಹಾಗೆ ಎಳೆದಾಗ ಎಲೆ ಜೊತೆ ಗಿಣ್ಣು, ಬೇರು ಎಲ್ಲ ಬಂದುಬಿಡುತ್ತದೆ. ಊರಲ್ಲಿ ಬೇರು ಸಮೇತ ಕೀಳುತ್ತಾರೆ, ಅಲ್ಲಿ ಅಷ್ಟು ಇರುತ್ತದೆ, ನಡೆಯುತ್ತದೆ. ಟಬ್‌ನಲ್ಲಿ ಕತ್ತರಿಯಿಂದ ತೊಟ್ಟನ್ನು ಬುಡದ ಹತ್ತಿರ ಕತ್ತರಿಸಿ. ಒಂದು ಗಿಣ್ಣಿನಲ್ಲಿ ನಾಲ್ಕು ಎಲೆ ಇದ್ದರೆ ದೊಡ್ಡದು ಎರಡು ತೆಗೆದು, ಎಳೆಯದು ಎರಡು ಬಿಡಿ. ನೆಟ್ಟ ಎರಡೂವರೆ ಮೂರು ತಿಂಗಳವರೆಗೆ ಕೈ ಹಾಕಲೇಬೇಡಿ. ಈ ಸಮಯದಲ್ಲಿ ಕಿತ್ತ ಒಂದು ಎಲೆಗೆ ಮುಂದೆ ಹತ್ತು ಎಲೆ ಕಳಕೊಳ್ಳುತ್ತೀರಿ. ಮನೆಯಲ್ಲಿ ನಾಲ್ಕು ಜನ ಇದ್ದರೆ ಎರಡು ಟಬ್ ಮಾಡಿ, ಒಂದರಲ್ಲಿ ಕೀಳುವಾಗ ಇನ್ನೊಂದು ಸುಧಾರಿಸಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ ಹಂಬುಗಳ ನಡುವೆ ಉದುರಿಸಿ ನೀರು ಹಾಯಿಸಿ. ಹಸಿ ಸಗಣಿ ಬಗ್ಗಡ ಹಾಕಬೇಡಿ, ಹಸಿಯಾಗಿ ತಿನ್ನುವ ಎಲೆಗೆ ಅದು ತಾಗಬಾರದು.

ಪ್ರಶ್ನೆ: ಊರಿಂದ ಗಿಡ ತರುವಂತಿಲ್ಲ. ಇಲ್ಲಿ ಒಂದೆಲಗ ಸಿಗುತ್ತದಾ, ಚಳಿಗಾಲ ಹೇಗೆ ದಾಟಿಸುವುದು? — ಟೊರೊಂಟೊ, ಕೆನಡಾ

ಉತ್ತರ: ಸಿಗುತ್ತದೆ. ಶ್ರೀಲಂಕಾದವರ ಅಂಗಡಿಗೆ ಹೋಗಿ. ಸಿಂಹಳದಲ್ಲಿ ಗೊಟುಕೊಲ, ತಮಿಳಲ್ಲಿ ವಲ್ಲಾರೈ ಅನ್ನುತ್ತಾರೆ, ಕಟ್ಟು ಕಟ್ಟಿ ಮಾರುತ್ತಾರೆ. ಕಟ್ಟು ಬಿಚ್ಚಿ ಗಿಣ್ಣು, ಬೇರಿನ ತುಣುಕು ಇರುವ ಕಡ್ಡಿಗಳನ್ನು ಆರಿಸಿ. ಬರೀ ಎಲೆ ತೊಟ್ಟಿನಿಂದ ಗಿಡ ಬರುವುದಿಲ್ಲ, ಗಿಣ್ಣು ಬೇಕೇ ಬೇಕು. ಅಗಲದ ತಟ್ಟೆಯಲ್ಲಿ ಗಿಣ್ಣು ಮುಳುಗುವಷ್ಟೇ ನೀರು ಹಾಕಿ, ದಿನಾ ನೀರು ಬದಲಿಸಿ. ಬಿಳಿ ಬೇರು ಬೆರಳ ಉಗುರಿನಷ್ಟು ಉದ್ದವಾದ ಮೇಲೆ ಮಣ್ಣಿಗೆ ಸೇರಿಸಿ. ಬೇಸಿಗೆ ಪೂರ್ತಿ ಹೊರಗಿರಲಿ, ಸೆಪ್ಟೆಂಬರ್ ಕೊನೆಯಲ್ಲಿ ಒಳಗೆ ತನ್ನಿ. ಹಿಮ ಒಂದು ರಾತ್ರಿ ತಾಗಿದರೂ ಉಳಿಯುವ ನಂಬಿಕೆ ಇಲ್ಲ. ದಕ್ಷಿಣದ ಕಿಟಕಿ ಬಳಿ ಇಡಿ, ಹೀಟರ್ ಗಾಳಿ ನೇರ ಬೀಸುವಲ್ಲಿ ಬೇಡ. ಎಲೆ ಚಿಕ್ಕದಾಗುತ್ತದೆ, ಬೆಳವಣಿಗೆ ನಿಂತ ಹಾಗಿರುತ್ತದೆ, ಗಾಬರಿ ಬೇಡ. ಆಗ ನೀರು ಕಮ್ಮಿ ಮಾಡಿ, ಗೊಬ್ಬರ ನಿಲ್ಲಿಸಿ, ಮೇ ಕೊನೆಯಲ್ಲಿ ಮತ್ತೆ ಹೊರಗೆ ಕಳಿಸಿ.

ಪ್ರಶ್ನೆ: ನಾಲ್ಕು ವರ್ಷದ ಗಿಡ. ಟಬ್ ತುಂಬ ದಟ್ಟವಾಗಿದೆ, ಆದರೆ ಎಲೆ ಈಗ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು, ಕಹಿಯೂ ಜಾಸ್ತಿ. ನಡುಭಾಗ ಬೋಳಾಗುತ್ತಿದೆ. ಗೊಬ್ಬರ ಹಾಕಿದರೂ ಬದಲಾವಣೆ ಇಲ್ಲ. — ಚಿಕ್ಕಮಗಳೂರು

ಉತ್ತರ: ಗೊಬ್ಬರದಿಂದ ಸರಿಹೋಗುವ ಸಮಸ್ಯೆ ಅಲ್ಲ ಇದು. ಮೊದಲ ಉತ್ತರದಲ್ಲಿ ಹೇಳಿದ ಹಾಗೆ ಇದು ನಡೆಯುವ ಗಿಡ. ನಿಮ್ಮದು ನಾಲ್ಕು ವರ್ಷದಿಂದ ಒಂದೇ ಟಬ್‌ನಲ್ಲಿ ಸುತ್ತು ಹೊಡೆಯುತ್ತಿದೆ, ತನ್ನ ಬೇರಿನ ಮೇಲೆ ತಾನೇ ಬೇರು ಬಿಡುತ್ತಿದೆ. ಜೂನ್ ಮೊದಲ ಮಳೆ ಬಿದ್ದು ಮಣ್ಣು ತಣಿದ ಮೇಲೆ ಟಬ್ ಪೂರ್ತಿ ಮಗುಚಿ. ಬೇರು ಹೆಣೆದು ಕಾಲೊರೆಸಿನ ಹಾಗೆ ಒಂದೇ ತುಂಡಾಗಿ ಬರುತ್ತದೆ, ಹೆದರಬೇಡಿ. ಅಂಚಿನಲ್ಲಿರುವ ಎಳೆ ಮರಿಗಳನ್ನು, ಬಿಳಿ ಬೇರಿರುವಂಥವನ್ನು ಮಾತ್ರ ಹನ್ನೆರಡು ಹದಿನೈದು ಆರಿಸಿಕೊಳ್ಳಿ. ನಡುವಿನ ದಪ್ಪ ಕಂದು ಬುಡಗಳನ್ನು ಕಾಂಪೋಸ್ಟ್‌ಗೆ ಹಾಕಿ. ಹಳೆ ಮಣ್ಣಲ್ಲಿ ಅರ್ಧ ತೆಗೆದು ಹೊಸ ಮಣ್ಣು, ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ, ಮರಿಗಳನ್ನು ನಾಲ್ಕು ಇಂಚಿಗೊಂದರಂತೆ ಮಲಗಿಸಿ ನೆಡಿ. ಮಿಕ್ಕ ಮರಿಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಕ್ಕಪಕ್ಕದವರಿಗೆ ಅವತ್ತೇ ಕೊಟ್ಟುಬಿಡಿ, ಮರುದಿನಕ್ಕೆ ಬಾಡುತ್ತದೆ. ಗಣೇಶನ ಹಬ್ಬದ ಹೊತ್ತಿಗೆ ನಿಮ್ಮ ಅಂಗೈ ಅರ್ಧ ಮುಚ್ಚುವಷ್ಟು ದೊಡ್ಡ ಎಲೆ ಬಂದಿರುತ್ತದೆ.